‘ರೆಕಗ್ನೈಸ್’: ಗುರುತಿನಿಂದ ಮಾನ್ಯತೆಯವರೆಗೆ

ಫೋನಿನಲ್ಲಿ ಬರೀ ‘ಹಲೋ’ ಕೇಳಿದರೂ ಸಾಕು, ಅದು ಹಳೆಯ ಗೆಳತಿಯ ದನಿ ಎಂದು ಗೊತ್ತಾಗಿಬಿಡುತ್ತದೆ. ಇಂಗ್ಲಿಷಿನವರು ಇದನ್ನು ‘ಐ ರೆಕಗ್ನೈಸ್ಡ್ ಹರ್ ವಾಯ್ಸ್’ ಎನ್ನುತ್ತಾರೆ. 1971ರ ಡಿಸೆಂಬರ್ 6ರಂದು ಭಾರತವು ಬಾಂಗ್ಲಾದೇಶವನ್ನು ಸ್ವತಂತ್ರ ರಾಷ್ಟ್ರವೆಂದು ಒಪ್ಪಿತಲ್ಲ, ಅದನ್ನು ಹೇಳುವುದಕ್ಕೂ ಇದೇ ಕ್ರಿಯಾಪದ: ‘ಇಂಡಿಯಾ ರೆಕಗ್ನೈಸ್ಡ್ ಬಾಂಗ್ಲಾದೇಶ್’.

ಮೊದಲನೆಯದು ತಾನಾಗಿ ಆಗುವಂಥದ್ದು, ಎರಡನೆಯದು ಯೋಚಿಸಿ ಮಾಡುವಂಥದ್ದು. ಕನ್ನಡ ಇವೆರಡನ್ನೂ ಬೇರೆಯಾಗಿಯೇ ಇಟ್ಟಿದೆ. ನಮಗೆ ‘ಗುರುತು ಸಿಗುತ್ತದೆ’. ಸರ್ಕಾರ ‘ಮಾನ್ಯತೆ ನೀಡುತ್ತದೆ’. ಈ ಗೆರೆ ಮನಸ್ಸಿನಲ್ಲಿದ್ದರೆ ‘ರೆಕಗ್ನೈಸ್’ ಬಳಸುವುದು ಬಹಳ ಸುಲಭ.

ಲ್ಯಾಟಿನ್ನಿನಿಂದ ಫ್ರೆಂಚ್ ದಾಟಿ ಇಂಗ್ಲಿಷಿಗೆ ಬಂದ ಈ ಪದದ ಮೂಲಾರ್ಥ ‘ಮತ್ತೆ ಅರಿಯುವುದು’. ಆದ್ದರಿಂದ ಗುರುತು ಹಿಡಿಯುವ ಅರ್ಥದಲ್ಲಿ ಮೊದಲೇ ಪರಿಚಯವಿರಬೇಕು. ಬೆರಳಚ್ಚು ತಜ್ಞ ತಾನು ಎಂದೂ ಕಾಣದ ವ್ಯಕ್ತಿಯನ್ನು ‘ಐಡೆಂಟಿಫೈ’ ಮಾಡಬಲ್ಲ. ದೂರದಲ್ಲಿ ಬರುವ ಮಗನನ್ನು ತಾಯಿ ನಡಿಗೆಯಿಂದಲೇ ‘ರೆಕಗ್ನೈಸ್’ ಮಾಡುತ್ತಾಳೆ. ಮದುವೆಮನೆಯಲ್ಲಿ ‘ನನ್ನ ಗುರುತು ಸಿಗಲಿಲ್ವಾ?’ ಎಂದು ಕೇಳುವವರ ಮಾತಿಗೆ ಸರಿಹೊಂದುವ ಇಂಗ್ಲಿಷ್ ‘ಡೋಂಟ್ ಯು ರೆಕಗ್ನೈಸ್ ಮಿ?’. ‘ಡೋಂಟ್ ಯು ನೋ ಮಿ?’ ಎಂದರೆ ಪರಿಚಯವೇ ಇಲ್ಲವೇ ಎಂದು ಕೇಳಿದಂತಾಗುತ್ತದೆ.

ಗುರುತು ಸಿಗುವುದು ಕ್ಷಣದ ಕೆಲಸ. ಹಾಗಾಗಿ ‘ಐ ಆ್ಯಮ್ ನಾಟ್ ರೆಕಗ್ನೈಸಿಂಗ್ ಯು’ ಎನ್ನುವುದು ಸರಿಯಲ್ಲ, ‘ಐ ಡೋಂಟ್ ರೆಕಗ್ನೈಸ್ ಯು’ ಎನ್ನಬೇಕು. ಎರಡನೆಯ ಅರ್ಥಕ್ಕೆ ಈ ಕಟ್ಟಿಲ್ಲ. ಸಾಧಕರನ್ನು ಸನ್ಮಾನಿಸುತ್ತಿರುವ ಸಂಸ್ಥೆಯ ಬಗ್ಗೆ ‘ಈಸ್ ರೆಕಗ್ನೈಸಿಂಗ್’ ಎಂದು ಧಾರಾಳವಾಗಿ ಬರೆಯಬಹುದು.

ಜೊತೆಗೆ ಬರುವ ಪುಟ್ಟ ಪದಗಳೂ ಅರ್ಥದ ಸುಳಿವು ಕೊಡುತ್ತವೆ. ದನಿಯಿಂದಲೋ ನಡಿಗೆಯಿಂದಲೋ ಗುರುತು ಸಿಕ್ಕರೆ ‘ಬೈ’. ಸ್ಥಾನಮಾನ ದೊರೆತರೆ ‘ಆ್ಯಸ್’: 2008ರಲ್ಲಿ ಕನ್ನಡ ಶಾಸ್ತ್ರೀಯ ಭಾಷೆಯಾದದ್ದನ್ನು ‘ರೆಕಗ್ನೈಸ್ಡ್ ಆ್ಯಸ್ ಎ ಕ್ಲಾಸಿಕಲ್ ಲ್ಯಾಂಗ್ವೇಜ್’ ಎಂದು ಬರೆಯುತ್ತಾರೆ. ಅಮೆರಿಕದ ಸಂಸತ್ತಿನಲ್ಲಿ ಸಭಾಧ್ಯಕ್ಷರು ಸದಸ್ಯರೊಬ್ಬರನ್ನು ‘ರೆಕಗ್ನೈಸ್’ ಮಾಡಿದರೆಂದರೆ ಅವರಿಗೆ ಮಾತನಾಡಲು ಅವಕಾಶ ಕೊಟ್ಟರು ಎಂದರ್ಥ.

ಕಾಗುಣಿತದಲ್ಲಿ ಅಮೆರಿಕನ್ನರದು ‘ಝಡ್’. ಬ್ರಿಟನ್ನಿನಲ್ಲೂ ಭಾರತದಲ್ಲೂ ‘ಎಸ್’ ಹೆಚ್ಚು ರೂಢಿ. ಆದರೆ ಆಕ್ಸ್‌ಫರ್ಡ್ ನಿಘಂಟು ‘ಝಡ್’ಗೇ ಮೊದಲ ಸ್ಥಾನ ಕೊಡುತ್ತದೆ. ಎರಡೂ ತಪ್ಪಲ್ಲ, ಒಂದೇ ಬರಹದಲ್ಲಿ ಎರಡನ್ನೂ ಬೆರೆಸಬಾರದು ಅಷ್ಟೆ.

ಎಚ್ಚರ ಬೇಕಾದದ್ದು ‘ಹಿ ರೆಕಗ್ನೈಸ್ಡ್ ದಟ್ ಹಿ ವಾಸ್ ರಾಂಗ್’ ಎಂಬಂಥ ವಾಕ್ಯದಲ್ಲಿ. ತಪ್ಪು ಅವನಿಗೆ ಮನವರಿಕೆಯಾಯಿತು ಎಂದೂ ಆಗಬಹುದು, ಅದನ್ನು ಅವನು ಒಪ್ಪಿಕೊಂಡ ಎಂದೂ ಆಗಬಹುದು. ‘ಪಬ್ಲಿಕ್ಲಿ’ಯಂಥ ಪದ ಪಕ್ಕದಲ್ಲಿದ್ದರೆ ಒಪ್ಪಿಕೊಂಡ ಎಂದೇ ಓದಬೇಕು. ಅಂಥ ಸುಳಿವಿಲ್ಲದಾಗ ಹಿಂದುಮುಂದಿನ ವಾಕ್ಯಗಳನ್ನು ನೋಡಿಯೇ ಅನುವಾದಕರು ಎರಡರಲ್ಲೊಂದನ್ನು ಆರಿಸಿಕೊಳ್ಳುತ್ತಾರೆ.