ಪೆರೋಲು ಅರ್ಜಿ ಮತ್ತು ಊರವರ ಮಾತು
ಮಿರ್ಲೆಯಂಥ ಊರಿನ ಮಗನೊಬ್ಬನು ಮೈಸೂರು ಕೇಂದ್ರ ಕಾರಾಗೃಹದಲ್ಲಿ ಶಿಕ್ಷೆ ಅನುಭವಿಸುತ್ತಿರುವನೆನ್ನೋಣ. ತಾಯಿ ಹಾಸಿಗೆ ಹಿಡಿದರೆ ಆತನನ್ನು ಕೆಲದಿನಗಳ ಮಟ್ಟಿಗೆ ಕರೆತರಲು ಪೆರೋಲು ಬೇಕು. ಅದಕ್ಕೆ ನಮ್ಮಲ್ಲಿ ನ್ಯಾಯಾಲಯದ ಬಹಿರಂಗ ವಿಚಾರಣೆಯಿಲ್ಲ; ಕಾರಾಗೃಹದ ಅಧಿಕಾರಿಗಳು ಅರ್ಜಿಯನ್ನೂ ಪೊಲೀಸರ ವರದಿಯನ್ನೂ ನೋಡಿ ತೀರ್ಮಾನಿಸುವರು. ಆದುದರಿಂದ ವೈದ್ಯರ ಪ್ರಮಾಣಪತ್ರ, ವಾಸದ ದಾಖಲೆ, ಜಾಮೀನುದಾರರ ಒಪ್ಪಿಗೆ ಮೊದಲೇ ಸಿದ್ಧವಿರಲಿ.

ವಕೀಲರಿಗೆ ಕೊಡಲು ಹಣವಿಲ್ಲವೆಂದು ಮನೆಯವರು ಎದೆಗುಂದಬೇಕಿಲ್ಲ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯ 12ನೆಯ ಪ್ರಕರಣದಂತೆ ಬಂಧನದಲ್ಲಿರುವವರಿಗೆ ಉಚಿತ ನೆರವು ಹಕ್ಕಾಗಿದೆ. ತಾಲ್ಲೂಕು ಕಾನೂನು ಸೇವಾ ಸಮಿತಿಯನ್ನು ಕೇಳಬೇಕು. ಅರ್ಜಿ ತಿರಸ್ಕೃತವಾದರೆ ಉಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಲು ಅವಕಾಶವುಂಟು.

ಪೊಲೀಸರು ವಿಚಾರಿಸಲು ಬಂದಾಗ ನೆರೆಹೊರೆಯವರು ಹಳೆಯ ದ್ವೇಷವನ್ನು ಮರೆತು ಸತ್ಯವನ್ನಷ್ಟೇ ನುಡಿಯಲೆಂದು ನಾವು ಕೋರುತ್ತೇವೆ. ಬಂದವನು ಗೊತ್ತಾದ ದಿನವೇ ಹಿಂದಿರುಗಲಿ. ಮುಂದಿನ ಅರ್ಜಿಗೆ ಅದೇ ದೊಡ್ಡ ಸಾಕ್ಷಿ.