ಜಪಾನಿನ ಊರಿಗೆ ಬರುವ ಇಂಗ್ಲಿಷ್ ಮೇಷ್ಟ್ರು

ಹೊರದೇಶಗಳ ಯುವಕ ಯುವತಿಯರನ್ನು ಕರೆಸಿ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಕಲಿಸುವ ಕೆಲಸ ಕೊಡುವ ‘ಜೆಟ್’ ಕಾರ್ಯಕ್ರಮವನ್ನು ಜಪಾನ್ ಸರಕಾರ ಆರಂಭಿಸಿದ್ದು 1987ರಲ್ಲಿ. ಮೊದಲ ವರ್ಷ ಅಮೆರಿಕ, ಬ್ರಿಟನ್, ಆಸ್ಟ್ರೇಲಿಯ, ನ್ಯೂಜಿಲೆಂಡುಗಳಿಂದ 848 ಮಂದಿ ಬಂದರು. ಈವರೆಗೆ ಬಂದವರ ಸಂಖ್ಯೆ 70,000 ದಾಟಿದೆ. ಅವರಲ್ಲಿ ಭಾರತದವರೂ ಇದ್ದಾರೆ. ಬಹುಪಾಲು ಜನರಿಗೆ ಸಿಗುವುದು ಸಹಾಯಕ ಭಾಷಾ ಶಿಕ್ಷಕರ ಹುದ್ದೆ. ಯಾವುದಾದರೊಂದು ಪದವಿ, ಒಳ್ಳೆಯ ಇಂಗ್ಲಿಷ್ ಇದ್ದರೆ ಸಾಕು. ಬಿ.ಎಡ್. ಬೇಕಿಲ್ಲ, ಜಪಾನಿ ಭಾಷೆ ಬರಲೇಬೇಕೆಂಬ ನಿಯಮವಿಲ್ಲ. ಕರಾರು ಒಂದು ವರ್ಷದ್ದು. ಎರಡೂ ಕಡೆಯವರು ಒಪ್ಪಿದರೆ ಐದು ವರ್ಷದವರೆಗೂ ಮುಂದುವರಿಯಬಹುದು. ಬರುವವರಲ್ಲಿ ಅನೇಕರು ಆಗಷ್ಟೇ ಕಾಲೇಜು ಮುಗಿಸಿದವರು. ಇದೇ ಅವರ ಮೊದಲ ಸಂಬಳ, ಒಬ್ಬರೇ ಇರುವ ಮೊದಲ ಮನೆ.

ಜಪಾನ್ ಎಂದರೆ ಟೋಕಿಯೊ ಎಂದುಕೊಂಡು ಬಂದವರಿಗೆ ಆ ನಗರ ಕಾಣಸಿಗುವುದು ಎರಡು ಮೂರು ದಿನ ಮಾತ್ರ. ಅಲ್ಲಿನ ಹೋಟೆಲೊಂದರಲ್ಲಿ ತರಬೇತಿ ಮುಗಿಯುತ್ತಿದ್ದಂತೆ ಅವರನ್ನು ದೇಶದ ಮೂಲೆಮೂಲೆಗೆ ಕಳುಹಿಸಲಾಗುತ್ತದೆ. ಭತ್ತದ ಗದ್ದೆಗಳ ನಡುವಿನ ಊರು, ಮೀನುಗಾರರ ಬಂದರು, ದಿನಕ್ಕೆ ಕೆಲವೇ ದೋಣಿ ಬರುವ ದ್ವೀಪ, ಹೀಗೆ ಎಲ್ಲಿ ಬೇಕಾದರೂ ಹಾಕಬಹುದು. ಕೆಲಸ ಕೊಡುವುದು ಕೇಂದ್ರ ಸರಕಾರವಲ್ಲ, ಆಯಾ ಊರಿನ ಅಥವಾ ಪ್ರಾಂತದ ಶಿಕ್ಷಣ ಮಂಡಳಿ. ವಿದೇಶೀಯರು ಹೆಚ್ಚಾಗಿ ಕಾಲಿಡದ ಕಡೆಯ ಮಕ್ಕಳಿಗೂ ಹೊರಗಿನ ಮನುಷ್ಯರ ಒಡನಾಟ ಸಿಗಲಿ ಎಂಬುದು ಈ ಕಾರ್ಯಕ್ರಮದ ಉದ್ದೇಶಗಳಲ್ಲೊಂದು. ಈ ದೃಷ್ಟಿಯಿಂದ ದೂರದ ಊರೇ ಇದಕ್ಕೆ ಸರಿಯಾದ ಜಾಗ.

ಮೊದಲ ವಾರವೆಲ್ಲ ಕಚೇರಿ ಅಲೆದಾಟ. ವಿಮಾನ ನಿಲ್ದಾಣದಲ್ಲಿ ಸಿಕ್ಕ ನಿವಾಸ ಕಾರ್ಡನ್ನು ಹಿಡಿದುಕೊಂಡು, ಮನೆ ಹೂಡಿದ 14 ದಿನದೊಳಗೆ ಪುರಸಭೆಯಲ್ಲಿ ವಿಳಾಸ ನೋಂದಾಯಿಸಬೇಕು. ವಿಳಾಸ ದಾಖಲಾದ ಮೇಲೆ ಬ್ಯಾಂಕ್ ಖಾತೆ, ಆಮೇಲೆ ಮೊಬೈಲ್ ಸಂಪರ್ಕ. ಖಾತೆಗೆ ಫೋನ್ ನಂಬರ್ ಕೇಳುತ್ತಾರೆ, ಫೋನಿಗೆ ಖಾತೆ ಕೇಳುತ್ತಾರೆ. ಈ ಗಂಟು ಬಿಡಿಸುವವರು ಶಿಕ್ಷಣ ಮಂಡಳಿಯ ಒಬ್ಬ ಮೇಲ್ವಿಚಾರಕರು. ಅವರು ತಮ್ಮ ಫೋನ್ ನಂಬರನ್ನೇ ಅರ್ಜಿಯಲ್ಲಿ ಬರೆದುಕೊಡುವುದೂ ಉಂಟು. ಸಹಿಯ ಬದಲು ಹೆಸರು ಕೆತ್ತಿದ ಪುಟ್ಟ ಮುದ್ರೆ ಒತ್ತುವ ಪದ್ಧತಿ ಇನ್ನೂ ಪೂರ್ತಿ ಹೋಗಿಲ್ಲವಾದ್ದರಿಂದ ಅನೇಕರು ಅದನ್ನೂ ಮಾಡಿಸಿಕೊಳ್ಳುತ್ತಾರೆ. ಸ್ಥಳೀಯ ನಿವಾಸ ತೆರಿಗೆಯನ್ನು ಹಿಂದಿನ ವರ್ಷದ ಆದಾಯದ ಮೇಲೆ ಹಾಕುವುದರಿಂದ ಮೊದಲ ತಿಂಗಳುಗಳಲ್ಲಿ ಅದರ ಸುದ್ದಿಯೇ ಇರುವುದಿಲ್ಲ. ಮರುವರ್ಷ ಜೂನ್‌ನಲ್ಲಿ ಚೀಟಿ ಬಂದಾಗ ಕೈ ಖಾಲಿ ಇದ್ದರೆ ಕಷ್ಟ.

ಮನೆಯಲ್ಲಿ ಮೊದಲು ಕಲಿಯಬೇಕಾದದ್ದು ಕಸದ ಲೆಕ್ಕ. ಸುಡುವ ಕಸ, ಸುಡದ ಕಸ, ಪ್ಲಾಸ್ಟಿಕ್ ಹೊದಿಕೆ, ಬಾಟಲಿ, ಡಬ್ಬಿ ಎಂದು ಬೇರ್ಪಡಿಸಿ, ಒಂದೊಂದನ್ನೂ ಅದರದರ ದಿನವೇ ಹೊರಗಿಡಬೇಕು. ಅನೇಕ ಊರುಗಳಲ್ಲಿ ಪುರಸಭೆ ಗೊತ್ತುಮಾಡಿದ ಚೀಲವನ್ನೇ ಕೊಳ್ಳಬೇಕು. ಕೆಲವೆಡೆ ಚೀಲದ ಮೇಲೆ ಹೆಸರೂ ಬರೆಯಬೇಕು. ಬೆಳಿಗ್ಗೆ ಬೀದಿಯ ಕಟ್ಟೆಗೆ ಒಯ್ದು, ಕಾಗೆ ಕುಕ್ಕದಂತೆ ಬಲೆಯ ಅಡಿಯಲ್ಲಿ ಇಟ್ಟು ಬರಬೇಕು. ತಪ್ಪಾಗಿ ಇಟ್ಟ ಚೀಲ ಎಚ್ಚರಿಕೆಯ ಚೀಟಿ ಅಂಟಿಸಿಕೊಂಡು ಅಲ್ಲೇ ಉಳಿಯುತ್ತದೆ, ಅದು ಯಾರದೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ಹೊಸಬರು ನೆರೆಹೊರೆಯವರ ಜೊತೆ ಮಾತಿಗೆ ನಿಲ್ಲುವುದೂ ಎಷ್ಟೋ ಸಲ ಇದೇ ಕಟ್ಟೆಯ ಬಳಿ.

ಶಾಲೆಯೊಳಗೆ ಕಾಲಿಡುವ ಮೊದಲು ಹೊರಗಿನ ಚಪ್ಪಲಿ ಬಿಟ್ಟು ಒಳಗಿನ ಬೂಟು ಹಾಕಿಕೊಳ್ಳಬೇಕು. ಜಪಾನಿನ ಶಾಲಾ ವರ್ಷ ಏಪ್ರಿಲ್‌ನಲ್ಲಿ ಶುರುವಾಗುತ್ತದೆ, ಹೊಸ ಶಿಕ್ಷಕರು ಬಂದಿಳಿಯುವುದು ಬೇಸಿಗೆ ರಜೆಯ ನಡುವೆ. ಮಕ್ಕಳಿಲ್ಲದ ಶಾಲೆಯ ಸಿಬ್ಬಂದಿ ಕೊಠಡಿಯಲ್ಲಿ ದಿನವಿಡೀ ಕುಳಿತಿರುವುದೇ ಆಗ ಕೆಲಸ. ಪಾಠ ಶುರುವಾದ ಮೇಲೂ ತರಗತಿ ಅವರ ಕೈಯಲ್ಲಿರುವುದಿಲ್ಲ. ಜಪಾನಿನ ಬೋಧನಾ ಪರವಾನಗಿ ಇರುವ ಇಂಗ್ಲಿಷ್ ಶಿಕ್ಷಕರೇ ಮುಖ್ಯರು. ಸಹಾಯಕರು ಅವರ ಜೊತೆ ನಿಂತು ಉಚ್ಚಾರಣೆ ತೋರಿಸುತ್ತಾರೆ, ಆಟ ಆಡಿಸುತ್ತಾರೆ, ಸಂಭಾಷಣೆ ಕಟ್ಟುತ್ತಾರೆ. ಕೆಲವರಿಗೆ ವಾರಕ್ಕೆ ಮೂರು ನಾಲ್ಕು ಶಾಲೆ, ಕೆಲವರಿಗೆ ಒಂದೇ. 2020ರಿಂದ ಪ್ರಾಥಮಿಕ ಶಾಲೆಯ ಐದು ಮತ್ತು ಆರನೆಯ ತರಗತಿಯಲ್ಲಿ ಇಂಗ್ಲಿಷ್ ಅಂಕ ಕೊಡುವ ವಿಷಯವಾಗಿದೆ, ಮೂರು ಮತ್ತು ನಾಲ್ಕರಲ್ಲಿ ಚಟುವಟಿಕೆಯ ರೂಪದಲ್ಲಿ ಬಂದಿದೆ. ಹಾಗಾಗಿ ಚಿಕ್ಕ ಮಕ್ಕಳ ನಡುವಿನ ಕೆಲಸ ಹೆಚ್ಚಿದೆ.

ನಿಜವಾದ ಒಡನಾಟ ಬೆಳೆಯುವುದು ಪಾಠದ ಗಂಟೆಯ ಆಚೆ. ಮಧ್ಯಾಹ್ನ ಬಿಳಿ ಟೋಪಿ, ಬಿಳಿ ಅಂಗಿ ತೊಟ್ಟ ಮಕ್ಕಳೇ ಅಡುಗೆಯ ಪಾತ್ರೆಗಳನ್ನು ತರಗತಿಗೆ ತಂದು ಎಲ್ಲರಿಗೂ ಬಡಿಸುತ್ತಾರೆ, ಶಿಕ್ಷಕರೂ ಅದನ್ನೇ ಉಣ್ಣುತ್ತಾರೆ. ದಿನದ ಒಂದು ಹೊತ್ತಿನಲ್ಲಿ ಇಡೀ ಶಾಲೆ ಕಸಬರಿಗೆ, ಒರೆಸುವ ಬಟ್ಟೆ ಹಿಡಿದು ಶುಚಿಗೆ ನಿಲ್ಲುತ್ತದೆ. ಪಾಠದ ಹೊತ್ತಿಗೆ ಬಾಯಿ ಬಿಡದ ಹುಡುಗ, ನೆಲ ಒರೆಸುವಾಗ ಪಕ್ಕದಲ್ಲಿ ಕುಳಿತು ಇಂಗ್ಲಿಷಿನಲ್ಲಿ ಒಂದು ಮಾತು ಕೇಳುತ್ತಾನೆ. ಗಂಟೆ ಹೊಡೆದ ಕೂಡಲೇ ಮನೆಗೆ ಹೊರಡುವ ಶಿಕ್ಷಕರಿಗೆ ಈ ಭಾಗ್ಯವಿಲ್ಲ. ಶರತ್ಕಾಲದ ಕ್ರೀಡಾದಿನ, ಭಾಷಣ ಸ್ಪರ್ಧೆಯ ತಯಾರಿ, ಸಂಜೆಯ ಕ್ರೀಡಾ ಸಂಘ ಇವುಗಳಿಗೆ ಹೊತ್ತು ಕೊಟ್ಟವರನ್ನು ಊರು ಬೇಗ ತನ್ನವರೆಂದುಕೊಳ್ಳುತ್ತದೆ.

ಪರದೇಶದಲ್ಲಿ ಮನಸ್ಸು ಹಾಯುವ ಹಂತಗಳನ್ನು ಮಾನವಶಾಸ್ತ್ರಜ್ಞ ಕಲೆರ್ವೊ ಒಬರ್ಗ್ 1960ರಲ್ಲಿ ಪ್ರಕಟವಾದ ಲೇಖನದಲ್ಲಿ ವಿವರಿಸಿದ್ದರು. ಮೊದಲು ಎಲ್ಲವೂ ಚಂದ, ಆಮೇಲೆ ಎಲ್ಲದರ ಮೇಲೂ ಸಿಟ್ಟು, ಬಳಿಕ ನಿಧಾನವಾಗಿ ಹೊಂದಾಣಿಕೆ. ಎಲ್ಲರೂ ಇದೇ ಕ್ರಮದಲ್ಲಿ ಸಾಗುವುದಿಲ್ಲ. ಆದರೂ ಬೇಸಿಗೆಯಲ್ಲಿ ಬಂದವರ ಉತ್ಸಾಹ ಇಳಿಯುವ ಹೊತ್ತಿಗೆ ಸರಿಯಾಗಿ ಚಳಿಗಾಲ ಬಂದಿರುತ್ತದೆ. ಹೊಕ್ಕೈದೊ ಬಿಟ್ಟರೆ ಹೆಚ್ಚಿನ ಕಡೆಯ ಹಳೆಯ ಮನೆಗಳು ಚಳಿ ತಡೆಯುವಂಥವಲ್ಲ. ಸೀಮೆಎಣ್ಣೆ ಒಲೆ, ಅಡಿಯಲ್ಲಿ ಹೀಟರ್ ಇರುವ ಕೌದಿ ಹೊದಿಸಿದ ಗಿಡ್ಡ ಮೇಜು, ಇವೇ ಆಸರೆ. ಬೇಗ ಕತ್ತಲಾಗುವ ಆ ತಿಂಗಳುಗಳಲ್ಲಿ ಕೋಣೆಯಲ್ಲೇ ಉಳಿದವರು ಕುಗ್ಗುತ್ತಾರೆ.

ಭೂಕಂಪದ ಭಯವೂ ಬದುಕಿನ ಭಾಗ. ಊರೂರಲ್ಲೂ ಎಚ್ಚರಿಕೆಯ ಧ್ವನಿವರ್ಧಕಗಳಿವೆ. ಅವು ಸರಿ ಇವೆಯೇ ಎಂದು ನೋಡಲು ಅನೇಕ ಕಡೆ ಸಂಜೆ ಒಂದು ಹಾಡಿನ ರಾಗ ನುಡಿಸುತ್ತಾರೆ. 2011ರ ಮಾರ್ಚ್ 11ರ ಸುನಾಮಿಯಲ್ಲಿ ಜೆಟ್‌ನ ಇಬ್ಬರು ಅಮೆರಿಕನ್ ಶಿಕ್ಷಕರು ತೀರಿಕೊಂಡರು. ಅವರಲ್ಲೊಬ್ಬರು ಇಶಿನೋಮಾಕಿಯಲ್ಲಿ ಕಲಿಸುತ್ತಿದ್ದವರು. ಮಗಳನ್ನು ಕಳೆದುಕೊಂಡ ಹೆತ್ತವರು ಆಕೆಯ ಹೆಸರಿನಲ್ಲಿ ನಿಧಿ ಸ್ಥಾಪಿಸಿ, ಆಕೆ ಪಾಠ ಮಾಡಿದ ಊರಿನ ಶಾಲೆಗಳಿಗೆ ಪುಸ್ತಕಗಳನ್ನೂ ಕಪಾಟುಗಳನ್ನೂ ಕೊಟ್ಟರು.

ಇಲ್ಲಿಂದ ಹೋಗುವ ಸಸ್ಯಾಹಾರಿಗಳು ಒಂದು ವಿಷಯ ತಿಳಿದಿರಬೇಕು: ತರಕಾರಿ ಸಾರಿನಲ್ಲೂ ಒಣಮೀನಿನ ರಸ ಇರುವುದೇ ಹೆಚ್ಚು. ಬಂದ ದಿನವೇ ಮೇಲ್ವಿಚಾರಕರಿಗೆ ಹೇಳಿ ಊಟದ ಡಬ್ಬಿ ಒಯ್ಯುವುದು ಸರಿಯಾದ ದಾರಿ. ಇನ್ನು ಭಾಷೆ. ಕೆಲಸಕ್ಕೆ ಜಪಾನಿ ಬೇಕಿಲ್ಲ, ಬದುಕಿಗೆ ಬೇಕೇ ಬೇಕು. ಈ ವಿಷಯದಲ್ಲಿ ಕನ್ನಡಿಗರಿಗೆ ಅನುಕೂಲವಿದೆ. ಜಪಾನಿಯಲ್ಲೂ ಕ್ರಿಯಾಪದ ವಾಕ್ಯದ ಕೊನೆಗೆ ಬರುತ್ತದೆ, ವಿಭಕ್ತಿ ಸೂಚಿಸುವ ಪ್ರತ್ಯಯಗಳು ನಾಮಪದದ ಹಿಂದೆ ಸೇರುತ್ತವೆ. ಅಲ್ಲಿನ ಅಕ್ಷರಮಾಲೆಯ ಕ್ರಮ ಬೌದ್ಧ ಭಿಕ್ಷುಗಳ ಸಂಸ್ಕೃತ ಅಧ್ಯಯನದ ಪ್ರಭಾವದಿಂದ ರೂಪುಗೊಂಡದ್ದು. ಅದಕ್ಕೇ ಅದರ ಸಾಲುಗಳು ಅ, ಕ, ಸ, ತ, ನ, ಹ, ಮ, ಯ, ರ, ವ ಎಂದು ಸಾಗುತ್ತವೆ. ಹಿರಗಾನ, ಕತಕಾನ ಎರಡರಲ್ಲೂ ಮೂಲಾಕ್ಷರ 46ರಂತೆ. ಆಯ್ಕೆಯ ಪತ್ರ ಬಂದ ಮೇಲೆ ವಿಮಾನ ಹತ್ತುವವರೆಗೆ ಕೆಲವು ತಿಂಗಳ ಬಿಡುವು ಸಿಗುತ್ತದೆ. ಸೂಟ್‌ಕೇಸ್ ತುಂಬಿಸುವ ಮುನ್ನ ಈ ಎರಡು ಲಿಪಿಗಳನ್ನು ಕಲಿತುಬಿಡಿ.