ಕಲಿತವರೇ ಕಲಿಸುವ ನಾದದಾಸೋಹ

ದಾಸೋಹವೆಂದೊಡನೆ ನಮ್ಮ ಕಣ್ಣೆದುರು ನಿಲ್ಲುವುದು ಮಠದ ಪ್ರಸಾದದ ಪಂಕ್ತಿ. ಹಸಿದು ಬಂದವರಿಗೆ ಅನ್ನ ನೀಡುವುದು ನಮ್ಮ ಮನೆತನಗಳಲ್ಲಿ ತಲೆತಲಾಂತರದಿಂದ ನಡೆದುಬಂದ ಧರ್ಮ. ಅದರಷ್ಟೇ ಘನವಾದ ಇನ್ನೊಂದು ದಾಸೋಹವುಂಟು, ಅದು ವಿದ್ಯೆಯ ದಾಸೋಹ. ಅನ್ನವನ್ನು ನೀಡಿದರೆ ಉಗ್ರಾಣದಲ್ಲಿ ಅಷ್ಟು ಕಡಿಮೆಯಾಗುತ್ತದೆ. ವಿದ್ಯೆಯನ್ನು ನೀಡಿದರೆ ನೀಡಿದವರಲ್ಲಿಯೇ ಅದು ಬಲಿಯುತ್ತದೆ. ಸಂಗೀತವನ್ನು ಕಲಿಯುತ್ತಿರುವ ಹಿರಿಯ ವಿದ್ಯಾರ್ಥಿಗಳು ಸ್ವಇಚ್ಛೆಯಿಂದ, ಪ್ರತಿಫಲ ಬಯಸದೆ, ಕಿರಿಯ ಮಕ್ಕಳಿಗೆ ಸ್ವರಪಾಠ ಹೇಳಿಕೊಡುವ ಸತ್ಸಂಪ್ರದಾಯದ ಕುರಿತು ನಾಲ್ಕು ಮಾತುಗಳನ್ನು ಓದುಗ ಬಂಧುಗಳಲ್ಲಿ ಅರಿಕೆ ಮಾಡಿಕೊಳ್ಳಬಯಸುತ್ತೇವೆ.

ಗದುಗಿನ ಪುಣ್ಯಾಶ್ರಮದ ಮೇಲ್ಪಂಕ್ತಿ

ಈ ವಿಷಯದಲ್ಲಿ ನಮ್ಮ ನಾಡಿಗೆ ಮೇಲ್ಪಂಕ್ತಿಯಾಗಿ ನಿಂತದ್ದು ಗದುಗಿನ ಶ್ರೀ ವೀರೇಶ್ವರ ಪುಣ್ಯಾಶ್ರಮ. ಇಂದಿನ ಹಾವೇರಿ ಜಿಲ್ಲೆಯ ಹಾನಗಲ್ಲ ತಾಲೂಕಿನ ಕಾಡಶೆಟ್ಟಿಹಳ್ಳಿಯಲ್ಲಿ 1892ರಲ್ಲಿ ಜನಿಸಿದ ಗದಿಗೆಯ್ಯನೆಂಬ ಬಾಲಕನಿಗೆ ಹುಟ್ಟಿನಿಂದಲೇ ದೃಷ್ಟಿಯಿರಲಿಲ್ಲ. ಆತನ ಕಂಠದ ಸಿರಿಯನ್ನು ಗುರುತಿಸಿ ಕರೆದೊಯ್ದು ವಿದ್ಯೆ ಕೊಡಿಸಿದವರು, 1909ರಲ್ಲಿ ಬಾದಾಮಿಯ ಸಮೀಪ ಮಲಪ್ರಭೆಯ ತೀರದಲ್ಲಿ ಶಿವಯೋಗಮಂದಿರವನ್ನು ಸ್ಥಾಪಿಸಿದ ಹಾನಗಲ್ಲ ಶ್ರೀ ಕುಮಾರ ಮಹಾಸ್ವಾಮಿಗಳು. ಆ ಬಾಲಕನೇ ಮುಂದೆ ಕರ್ನಾಟಕ, ಹಿಂದುಸ್ತಾನಿ ಎರಡೂ ಪದ್ಧತಿಗಳಲ್ಲಿ ಪಾರಂಗತರಾಗಿ ಉಭಯಗಾನ ವಿಶಾರದ ಪಂಚಾಕ್ಷರ ಗವಾಯಿಗಳೆನಿಸಿದರು.

ಅವರು ಪಡೆದ ವಿದ್ಯೆ ಅವರಲ್ಲಿಯೇ ನಿಲ್ಲಲಿಲ್ಲ. ಅಂಧ, ಅನಾಥ, ಬಡಮಕ್ಕಳನ್ನು ಕೂಡಿಕೊಂಡು ಊರೂರು ಸಂಚರಿಸುತ್ತ, ಭಕ್ತರು ನೀಡಿದ್ದರಲ್ಲಿ ಉಣಿಸುತ್ತ, ಪಾಠ ಹೇಳಿದರು. ಬಳಿಕ ಆ ಸಂಚಾರಿ ಗುರುಕುಲ ಗದುಗಿನಲ್ಲಿ ನೆಲೆ ಕಂಡಿತು. 1944ರಲ್ಲಿ ಅವರು ಲಿಂಗೈಕ್ಯರಾದಾಗ ಆಶ್ರಮದ ಹೊಣೆ ಹೊತ್ತವರು ಹೊರಗಿನಿಂದ ಬಂದ ಪಂಡಿತರಲ್ಲ; ಅಲ್ಲಿಯೇ ಕಲಿತು ಬೆಳೆದ, ಆಗಿನ್ನೂ ಮೂವತ್ತರ ಹರೆಯದ, ತಾವೂ ದೃಷ್ಟಿಹೀನರಾದ ಪುಟ್ಟರಾಜ ಗವಾಯಿಗಳು. 1914ರಲ್ಲಿ ದೇವಗಿರಿಯಲ್ಲಿ ಜನಿಸಿದ ಅವರು 2010ರಲ್ಲಿ ಲಿಂಗೈಕ್ಯರಾಗುವವರೆಗೆ, ಆರು ದಶಕಗಳಿಗೂ ಮೀರಿ ಆ ದೀಪವನ್ನು ಕಾಯ್ದರು. ಪಂಚಾಕ್ಷರ ಗವಾಯಿಗಳ ಶಿಷ್ಯರಾದ ಬಸವರಾಜ ರಾಜಗುರುಗಳು, ಬಾಲ್ಯದಲ್ಲಿ ಆಶ್ರಮ ಸೇರಿ ಸುಮಾರು 12 ವರ್ಷ ಪುಟ್ಟರಾಜರಲ್ಲಿ ಕಲಿತು 2016ರಲ್ಲಿ ಪದ್ಮಶ್ರೀ ಪಡೆದ ವೆಂಕಟೇಶ ಕುಮಾರರು ಇದೇ ಬಳ್ಳಿಯ ಹೂಗಳು. ಗುರುವಿನ ಋಣವನ್ನು ಗುರುವಿಗೇ ಹಿಂದಿರುಗಿಸುವುದು ಶಕ್ಯವಿಲ್ಲ, ಕಿರಿಯರಿಗೆ ಕಲಿಸಿಯೇ ಅದನ್ನು ತೀರಿಸಬೇಕೆಂಬುದಕ್ಕೆ ಈ ಪರಂಪರೆಯೇ ಸಾಕ್ಷಿ.

ಕಿರಿಯನ ಕೈ ಹಿಡಿಯುವ ಹಿರಿಯ

ಮಕ್ಕಳು ಬಹಳವಾಗಿರುವ ಗುರುಕುಲದಲ್ಲಿ ಒಬ್ಬರೇ ಗುರುಗಳು ಪ್ರತಿಯೊಂದು ಮಗುವಿನ ಬದಿಗೆ ಕುಳಿತು ಷಡ್ಜ ಹಚ್ಚಿಸುವುದು ಸಾಧ್ಯವಾಗದ ಮಾತು. ಆದುದರಿಂದ ಮೊದಲ ಪಾಠಗಳನ್ನು ಹಿರಿಯ ವಿದ್ಯಾರ್ಥಿ ನೋಡಿಕೊಳ್ಳುವುದು ಗುರುಕುಲಗಳಲ್ಲಿ ಸಹಜವಾಗಿ ಬೆಳೆದುಬಂದ ಕ್ರಮ. ಇದು ಕೇವಲ ಅನುಕೂಲಕ್ಕಾಗಿ ಆದ ಏರ್ಪಾಡಲ್ಲ. ನಲವತ್ತು ವರ್ಷ ಹಾಡಿದ ವಿದ್ವಾಂಸರಿಗೆ ತಮ್ಮ ಮೊದಲ ದಿನಗಳ ತೊಡಕು ಮರೆತಿರುತ್ತದೆ. ಎರಡು ವರ್ಷದ ಹಿಂದೆ ಆ ಮೆಟ್ಟಿಲನ್ನು ಏರಿದವನಿಗಾದರೋ ಕಾಲು ಎಲ್ಲಿ ಜಾರುತ್ತದೆಂಬುದು ಚೆನ್ನಾಗಿ ಗೊತ್ತಿರುತ್ತದೆ.

ಕಣ್ಣಿಲ್ಲದ ಮಗುವಿಗೆ ಪೇಟಿ ಕಲಿಸುವ ಬಗೆಯನ್ನೇ ನೋಡೋಣ. ಪೇಟಿಯ ಕಪ್ಪು ಪಟ್ಟಿಗಳು ಎರಡು ಮತ್ತು ಮೂರರ ಗುಂಪುಗಳಾಗಿ ಎತ್ತರದಲ್ಲಿರುತ್ತವೆ. ಹಿರಿಯನು ಮಗುವಿನ ಬೆರಳನ್ನು ತನ್ನ ಬೆರಳಿನಡಿ ಇರಿಸಿ ಆ ಗುಂಪುಗಳನ್ನು ಮುಟ್ಟಿಸುತ್ತಾನೆ. ಅವೇ ದಾರಿಯ ಗುರುತಿನ ಕಲ್ಲುಗಳಾಗುತ್ತವೆ. ತೀನ್‌ತಾಲವನ್ನು ಕಲಿಸುವಾಗ ಹದಿನಾರು ಮಾತ್ರೆಗಳನ್ನು ಮಗುವಿನ ಅಂಗೈಯ ಮೇಲೆಯೇ ಎಣಿಸುತ್ತಾನೆ. ಒಂದು, ಐದು, ಹದಿಮೂರರಲ್ಲಿ ಚಪ್ಪಾಳೆ. ಒಂಬತ್ತರಲ್ಲಿ ಕೈ ಬೀಸಿ ಖಾಲಿ. ತಬಲಾದ ನಾ, ಎಡಗೈಯ ಗೆ ಇವೆರಡೂ ಒಮ್ಮೆಗೇ ಕೂಡಿದರೆ ಧಾ ಎಂಬುದನ್ನು ಗ್ರಂಥ ಓದಿ ತಿಳಿಯಬೇಕಿಲ್ಲ. ಕೈಯಿಂದ ಕೈಗೆ ಅದು ದಾಟುತ್ತದೆ.

ಕಲಿಸುವವನಿಗೆ ಇದರಿಂದಾಗುವ ಲಾಭ ಕಡಿಮೆಯದಲ್ಲ. ತನ್ನ ನಿಷಾದ ತುಸು ಇಳಿದಿದ್ದರೆ ಮಗು ಅದನ್ನೇ ಅನುಕರಿಸಿ ಹಾಡಿ ತೋರಿಸಿಬಿಡುತ್ತದೆ. ಕನ್ನಡಿಯೂ ಅಷ್ಟು ನಿಷ್ಠುರವಾಗಿ ದೋಷವನ್ನು ತೋರಿಸಲಾರದು. ಆಗ ಅವನು ಮರಳಿ ತಂಬೂರಿಯ ಮುಂದೆ ಕುಳಿತುಕೊಳ್ಳಲೇಬೇಕು. ವೇದಿಕೆಯ ಚಪ್ಪಾಳೆಯಿಂದ ಏರುವ ಅಹಂಕಾರ, ಚಿಕ್ಕ ಮಗುವಿಗೆ ಅದೇ ಅಲಂಕಾರವನ್ನು ಇಪ್ಪತ್ತನೆಯ ಸಲ ಹೇಳಿಕೊಡುವಾಗ ತಾನಾಗಿಯೇ ಇಳಿಯುತ್ತದೆ.

ಎಚ್ಚರಿಕೆಯ ಮಾತು

ಸೇವೆಯೆಂಬ ಕಾರಣಕ್ಕೆ ಪಾಠವು ಸಡಿಲವಾಗಬಾರದು. ಎಳವೆಯಲ್ಲಿ ಕುಳಿತ ಅಪಸ್ವರವನ್ನು ತೆಗೆಯಲು ಮುಂದೆ ವರ್ಷಗಳೇ ಬೇಕಾಗುತ್ತವೆ. ಹದಿನಾರರ ಹುಡುಗನ ಧ್ವನಿ ಒಡೆದು ತಗ್ಗಿಗಿಳಿದಿರುತ್ತದೆ. ಎಂಟರ ಮಗುವಿನ ಶ್ರುತಿ ಅದಕ್ಕಿಂತ ಬಹಳ ಎತ್ತರ. ಹಿರಿಯನು ತನ್ನ ಶ್ರುತಿಯಲ್ಲಿಯೇ ಹಾಡಿಸಿದರೆ ಮಗು ಗಂಟಲನ್ನು ಅದುಮಿ ಹಾಡುವ ಚಾಳಿಗೆ ಬೀಳುತ್ತದೆ. ಆದ್ದರಿಂದ ಮಗುವಿನ ಶ್ರುತಿಗೆ ಪೇಟಿ ಹಿಡಿದು ಕಲಿಸಬೇಕು. ವಾರ್ಷಿಕೋತ್ಸವ ಸಮೀಪಿಸಿತೆಂದು ಒಂದು ಹಾಡನ್ನು ಬಾಯಿಪಾಠ ಮಾಡಿಸಿದರೆ ಅದು ಸಂಗೀತಪಾಠವೆನಿಸದು. ತಿಂಗಳಲ್ಲಿ ಎರಡು ಸಲವಾದರೂ ಬಲ್ಲ ಗುರುಗಳು ಕುಳಿತು ಆಲಿಸಿ, ಕಲಿಯುವವರನ್ನೂ ಕಲಿಸುವವರನ್ನೂ ತಿದ್ದಬೇಕು.

ಇನ್ನೊಂದು ಮಾತು ಇದಕ್ಕಿಂತ ಮುಖ್ಯವಾದುದು. ಮನಸ್ಸು ಬಂದಾಗ ಹೋಗಿ, ಬೇಸರವಾದಾಗ ಬಿಡುವುದು ಸೇವೆಯಲ್ಲ. ಬಡವರ ಮನೆಯ ಮಗುವೊಂದು ತಲೆ ಬಾಚಿಕೊಂಡು, ಪುಸ್ತಕ ಹಿಡಿದು, ಬಾಗಿಲಲ್ಲಿ ಅಣ್ಣ ಬಂದಾನು, ಅಕ್ಕ ಬಂದಾಳು ಎಂದು ಕಾದಿರುತ್ತದೆ. ಅದರ ನಿರಾಶೆಗೆ ಯಾವ ಪ್ರಾಯಶ್ಚಿತ್ತವೂ ಸಾಲದು. ಆರು ತಿಂಗಳು ನಡೆಸಲಾಗದಿದ್ದರೆ ಮಾತು ಕೊಡದಿರುವುದೇ ಲೇಸು.

ನಮ್ಮ ಮನೆಗಳಲ್ಲಿ ಆಗಬೇಕಾದುದು

ಸಂಗೀತ ಶಿಕ್ಷಕರಿಲ್ಲದ ಶಾಲೆಗಳು ನಮ್ಮ ಗ್ರಾಮಗಳಲ್ಲಿ ಅನೇಕ. ಅದೇ ಊರುಗಳ ಸ್ಥಿತಿವಂತರ ಮನೆಗಳಲ್ಲಿ ಜೂನಿಯರ್, ಸೀನಿಯರ್ ಪರೀಕ್ಷೆ ಮುಗಿಸಿದ ಮಕ್ಕಳಿದ್ದಾರೆ. ಪ್ರಮಾಣಪತ್ರ ಗೋಡೆಯ ಮೇಲಿದೆ, ಪೇಟಿ ಅಟ್ಟದ ಮೇಲಿದೆ. ಒಂದು ಓಣಿಯಲ್ಲಿ ವಿದ್ಯೆ ಧೂಳು ತಿನ್ನುತ್ತಿರಲು ಪಕ್ಕದ ಓಣಿಯಲ್ಲಿ ಅದಕ್ಕಾಗಿ ಹಸಿದ ಮಕ್ಕಳಿರುವುದು ದಾಸೋಹ ಬಲ್ಲ ಸಮಾಜಕ್ಕೆ ಒಪ್ಪುವ ಸಂಗತಿಯಲ್ಲ.

ಎಸ್.ಎಸ್.ಎಲ್.ಸಿ., ಪಿ.ಯು.ಸಿ. ಓದಿಗೆ ಅಡ್ಡಿಯಾದೀತೆಂಬ ತಾಯಿತಂದೆಗಳ ಅಂಜಿಕೆ ನಮಗೆ ತಿಳಿಯದುದಲ್ಲ. ವಾರಕ್ಕಿರುವುದು 168 ಗಂಟೆಗಳು. ನಾವು ಕೇಳುತ್ತಿರುವುದು ಅದರಲ್ಲಿ ಒಂದನ್ನು ಮಾತ್ರ. ರವಿವಾರ ಮುಂಜಾನೆ ಊರ ಮಠದ ಪಡಸಾಲೆಯಾಗಲಿ, ಶಾಲೆಯ ಕೋಣೆಯಾಗಲಿ ಸಾಕು. ಒಬ್ಬ ಹಿರಿಯ ವಿದ್ಯಾರ್ಥಿಗೆ ನಾಲ್ಕೈದು ಮಕ್ಕಳಿಗಿಂತ ಹೆಚ್ಚು ಬೇಡ. ಪಾಠ ತೆರೆದ ಸ್ಥಳದಲ್ಲಿ ನಡೆಯಲಿ, ಮನೆಯ ಹಿರಿಯರೊಬ್ಬರು ಜೊತೆಗಿರಲಿ. ಜಾತಿ, ಮತ, ಹೆಣ್ಣು, ಗಂಡು ಎಂಬ ಭೇದವೆಣಿಸದೆ ಬಂದವರೆಲ್ಲರನ್ನೂ ಕೂಡಿಸಿಕೊಳ್ಳಬೇಕು. ಹಳೆಯ ಪೇಟಿಯನ್ನು ದುರಸ್ತಿ ಮಾಡಿಸಿಕೊಡುವ ಭಕ್ತರು ಪ್ರತಿ ಊರಿನಲ್ಲಿಯೂ ದೊರೆತಾರು.

ಮಗ ಅಥವಾ ಮಗಳು ಸಂಗೀತ ಪರೀಕ್ಷೆಯಲ್ಲಿ ಯಾವ ದರ್ಜೆ ಪಡೆದರೆಂದು ಕೇಳುವುದು ನಮ್ಮೆಲ್ಲರ ರೂಢಿ. ಇನ್ನು ಮುಂದೆ ಈ ವರ್ಷ ಯಾರಿಗೆ ಕಲಿಸಿದೆಯೆಂದೂ ಕೇಳುವ ರೂಢಿ ನಮ್ಮ ಮನೆಗಳಲ್ಲಿ ಬೆಳೆಯಲಿ. ಬರುವ ಬೇಸಿಗೆಯ ರಜೆಯಲ್ಲಿಯೇ ಕೆಲವು ಊರುಗಳಲ್ಲಾದರೂ ಈ ನಾದದಾಸೋಹ ಆರಂಭವಾಗಲೆಂದು ಸದ್ಭಕ್ತರಲ್ಲಿ ನಮ್ಮ ವಿನಂತಿ.